ಡಿವಿಡಿಗೆ ಬಾಯಿ ಬಿಡೋ ಹಿಂದಿನ ಬಾಕ್ಸುಗಳು ಓಟಿಟಿಗೆ ಯಾಕೆ ಮೂಕ?

ಅಮಾನಿಕೆರೆ_ಏರಿ (ತುಮಕೂರು), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಟ್ಟು ಕೂತಿದೀನಿ, ಗೊತ್ತಿರೋರು ಸ್ವಲ್ಪ ದಾರಿ ತೋರಿಸಿ.

ನಮ್ಮಪ್ಪ 2009ರಲ್ಲಿ ಒಂದು ಹೋಮ್ ಥಿಯೇಟರ್ ತಂದಿದ್ರು. ಡಿವಿಡಿ ಪ್ಲೇಯರ್ ಹೊಟ್ಟೆಯೊಳಗೇ ಇರೋ ಜಾತಿ. ಐದು ಬಾಕ್ಸು, ಒಂದು ವೂಫರ್. ಅಪ್ಪ ತೀರಿಕೊಂಡ ಮೇಲೆ ಹಳೇ ಬೆಡ್‌ಶೀಟಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ವಿ. ಈ ಯುಗಾದಿಗೆ ಮನೆ ಸುಣ್ಣ ಬಣ್ಣ ಮಾಡಿಸುವಾಗ ಕೆಳಗಿಳಿಸಿದೆ. ಧೂಳು ಒರೆಸಿ, ಹೊಸ 43 ಇಂಚಿನ ಟಿವಿ ಪಕ್ಕ ಇಟ್ಟು, ಸುಮ್ನೆ ಒಂದು ಹಳೇ ಡಿವಿಡಿ ಹಾಕಿದೆ. ಸೋಫಾ ಹಿಂದಿನ ಎರಡೂ ಬಾಕ್ಸಲ್ಲಿ ಮಳೆ ಸುರೀತು. ಮೈ ಜುಂ ಅಂತು.

ಆಮೇಲೆ ಟಿವಿಗೆ ನೆಟ್‌ನಿಂದ ಸಿನಿಮಾ ತೋರಿಸೋ ಸ್ಟಿಕ್ ಸಿಕ್ಕಿಸಿ ಓಟಿಟಿಯಲ್ಲಿ ಸಿನಿಮಾ ಹಾಕಿದೆ. ಮುಂದಿನ ಎರಡು ಬಾಕ್ಸು, ವೂಫರ್, ಅಷ್ಟೇ. ನಡುವಿನದೂ ಇಲ್ಲ, ಹಿಂದಿನವೂ ಇಲ್ಲ. ಕಿವಿ ಹಚ್ಚಿ ಕೇಳಿದೆ, ಉಸಿರೂ ಇಲ್ಲ. ರಿಮೋಟಲ್ಲಿ ಟೆಸ್ಟ್ ಟೋನ್ ಒತ್ತಿದ್ರೆ ಐದೂ ಒಂದರ ಹಿಂದೆ ಒಂದು 'ಷ್ಷ್' ಅಂತಾವೆ. ಅಂದ್ರೆ ಬಾಕ್ಸು ಸತ್ತಿಲ್ಲ. ಸಿನಿಮಾ ಹೆಸರಿನ ಕೆಳಗೆ 5.1 (ಐದು ಬಾಕ್ಸು, ಒಂದು ವೂಫರ್‌ಗೆ ಬೇರೆ ಬೇರೆ ಸದ್ದು) ಅಂತ ಬರೆದೇ ಇದೆ.

ಅಂಗಡಿಯೋರನ್ನ ಕೇಳಿದ್ರೆ 'ಇದೆಲ್ಲ ಹಳೇದು ಸಾರ್, ಗುಜರಿಗೆ ಹಾಕಿ ಸೌಂಡ್‌ಬಾರ್ ತಗೊಳ್ಳಿ' ಅಂದ್ರು. ಅಪ್ಪನ ಸಾಮಾನು, ಗುಜರಿಗೆ ಹಾಕೋಕೆ ಮನಸ್ಸಿಲ್ಲ. ತಪ್ಪೆಲ್ಲಿದೆ?

ಕೋಲಾರದ_ಟೊಮೇಟೊ

ನೆಟ್ ಸ್ಲೋ ಇರುತ್ತೆ ಗುರು. ಪ್ಲಾನ್ ಜಾಸ್ತಿ ಮಾಡಿಸ್ಕೋ.

ಶಿಡ್ಲಘಟ್ಟದ_ಗೂಡು

ಟೊಮೇಟೊ ಅಣ್ಣ, ಪ್ರತಿಯೊಂದಕ್ಕೂ ನೆಟ್ ಮೇಲೆ ಯಾಕೆ ಹಾಕ್ತೀಯ? ಲೆಕ್ಕ ಮಾಡು. ಓಟಿಟಿಯೋರು 5.1 ಕಳಿಸೋದು ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ, ಅಂದ್ರೆ ಸದ್ದನ್ನ ಒತ್ತಿ ಗಂಟು ಕಟ್ಟೋ ಒಂದು ವಿಧಾನದಲ್ಲಿ. ನೆಟ್‌ಫ್ಲಿಕ್ಸ್ 2019ರಲ್ಲಿ ತಾನೇ ಹೇಳಿಕೊಂಡ ಲೆಕ್ಕದ ಪ್ರಕಾರ 5.1ಗೆ 192ರಿಂದ 640 ಕೆಬಿಪಿಎಸ್, ತಲೆ ಮೇಲಿಂದಲೂ ಸದ್ದು ಬರೋ ಅಟ್ಮಾಸ್‌ಗೆ 448ರಿಂದ 768. ಹೆಚ್ಚಂದ್ರೆ ಹೆಚ್ಚು 640 ಅಂದ್ರೂ ಗಂಟೆಗೆ 288 ಎಂಬಿ. ಒಂದು ಎಂಬಿಪಿಎಸ್ಸೂ ಅಲ್ಲ. 4ಕೆ ಚಿತ್ರಕ್ಕೆ ಬೇಕಾಗೋದರ ಮುಂದೆ ಸದ್ದಿನ ಪಾಲು ಒಗ್ಗರಣೆಗೆ ಬೀಳೋ ಸಾಸಿವೆ ಅಷ್ಟು. ನೆಟ್ ಕುಗ್ಗಿದ್ರೆ ಚಿತ್ರ ಮಸುಕಾಗುತ್ತೆ, ಸದ್ದಿನ ಗುಣಮಟ್ಟವೂ ಒಂದೆರಡು ಮೆಟ್ಟಿಲು ಇಳಿಯುತ್ತೆ. ಹಿಂದಿನ ಎರಡು ಬಾಕ್ಸು ಮಾತ್ರ ಲೆಕ್ಕ ಹಾಕಿದ ಹಾಗೆ ಸುಮ್ಮನಾಗೋದು ನೆಟ್‌ನಿಂದ ಅಲ್ಲ.

ಏರಿ ಅವರೇ, ಟಿವಿಯಿಂದ ಹೋಮ್ ಥಿಯೇಟರ್‌ಗೆ ಯಾವ ವೈರ್ ಹೋಗಿದೆ? ಅದನ್ನ ಹೇಳೇ ಇಲ್ಲ ನೀವು.

ಅಮಾನಿಕೆರೆ_ಏರಿ

ಟಿವಿ ಹಿಂದೆ ಹೆಡ್‌ಫೋನ್ ತೂತಿದೆ. ಅಲ್ಲಿಂದ ಕೆಂಪು ಪಿನ್ನು, ಬಿಳಿ ಪಿನ್ನು ಇರೋ ವೈರ್. ಹೋಮ್ ಥಿಯೇಟರ್ ಹಿಂದೆ ಆಕ್ಸ್ ಅಂತ ಇರೋ ಕಡೆ ಹಾಕಿದೀನಿ.

ತಟ್ಟೆಇಡ್ಲಿ_ಎರಡು (ತುಮಕೂರು)

ಉತ್ತರ ನಿಮ್ಮ ಬಾಯಲ್ಲೇ ಬಂತಲ್ಲ ಸಾರ್. ಕೆಂಪು ಒಂದು, ಬಿಳಿ ಒಂದು. ಒಟ್ಟು ಎಷ್ಟು?

ಸೋಲ್ಡರ್_ಮೇಷ್ಟ್ರು (ತಿಪಟೂರು), ಸೋಮವಾರ ಬೆಳಗ್ಗೆ 6:15

ಇಡ್ಲಿ ತಮಾಷೆ ಮಾಡಿದರೂ ಸರಿಯಾಗಿಯೇ ಹೇಳಿದ್ದಾನೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಒಂದೊಂದು ಬಾಕ್ಸಿಗೆ ಹೋಗುವ ಬೇರೆ ಬೇರೆ ಸದ್ದಿಗೆ ಚಾನೆಲ್ ಎನ್ನುತ್ತಾರೆ, ಆ ವೈರಿನಲ್ಲಿ ಮೂರನೇ ಚಾನೆಲ್‌ಗೆ ಜಾಗವೇ ಇಲ್ಲ. ಟಿವಿ ಆರೂ ಚಾನೆಲ್ಲನ್ನು ಕಲಸಿ ಎರಡು ಮಾಡಿ ಕಳಿಸುತ್ತಿದೆ, ನಿಮ್ಮ ಪೆಟ್ಟಿಗೆ ಬಂದ ಎರಡನ್ನು ಎರಡು ಬಾಕ್ಸಿಗೆ ಕೊಡುತ್ತಿದೆ. ಡಿವಿಡಿ ಹಾಕಿದಾಗ ತಟ್ಟೆ ಆ ಪೆಟ್ಟಿಗೆಯೊಳಗೇ ತಿರುಗುತ್ತದೆ, ವೈರಿನ ಹಂಗೇ ಇಲ್ಲ, ಅದಕ್ಕೇ ಹಿಂದೆ ಮಳೆ ಬಂತು.

ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಗೊರೂರಿನಲ್ಲಿ ಹೇಮಾವತಿ ನೀರು ಎಷ್ಟೇ ಬಿಡಲಿ, ಬುಗುಡನಹಳ್ಳಿ ಕೆರೆಗೆ ಸೇರುವುದು ನಡುವಿನ ನಾಲೆ ಎಷ್ಟು ಹಿಡಿಸುತ್ತದೋ ಅಷ್ಟೇ. ಒಂದು ಕಡೆ ತೂಬು ಕಿರಿದಾದರೆ ಅದರಿಂದ ಮುಂದೆ ಎಲ್ಲಾ ಕಡೆ ನೀರು ಕಡಿಮೆ. ಮುಂದಿನ ನಾಲೆ ಎಷ್ಟೇ ಅಗಲ ಇರಲಿ, ಬತ್ತಿದ್ದು ತುಂಬುವುದಿಲ್ಲ. ನಿಮ್ಮ ಸದ್ದಿನದ್ದೂ ಅದೇ ಕಥೆ. ಆ ಸಿನಿಮಾದ ಆ ಭಾಷೆಯ ಟ್ರ್ಯಾಕ್ 5.1 ಇರಬೇಕು. ಆ್ಯಪ್ ನಿಮ್ಮ ಸ್ಟಿಕ್ಕಿಗೆ ಅದನ್ನು ಕೊಡಬೇಕು. ಸ್ಟಿಕ್ ಅದನ್ನು ಟಿವಿಗೆ ಹಾಗೇ ದಾಟಿಸಬೇಕು, ಟಿವಿ ಕೇಬಲ್ಲಿಗೆ ದಾಟಿಸಬೇಕು, ಕೇಬಲ್ ಅದನ್ನು ಹೊರಬೇಕು, ಕೊನೆಗೆ ನಿಮ್ಮ ಪೆಟ್ಟಿಗೆಗೆ ಆ ಭಾಷೆ ಬರಬೇಕು. ಇದರಲ್ಲಿ ಯಾವುದು ಕೈ ಕೊಟ್ಟರೂ ಮಿಕ್ಕವರು ಜಗಳವಾಡದೆ ಎರಡು ಚಾನೆಲ್ಲಿಗೆ ಇಳಿದುಬಿಡುತ್ತಾರೆ. ಪರದೆ ಮೇಲೆ ಒಂದು ಎಚ್ಚರಿಕೆಯೂ ಬರುವುದಿಲ್ಲ. ಜನ ವರ್ಷಗಟ್ಟಲೆ ಸ್ಟೀರಿಯೋ ಕೇಳಿಕೊಂಡು 5.1 ಅಂದುಕೊಂಡಿರುವುದು ಹೀಗೆ.

ಈಗ ಟಾರ್ಚ್ ಹಿಡಿದು ನಿಮ್ಮ ಪೆಟ್ಟಿಗೆಯ ಬೆನ್ನು ನೋಡಿ. ಚೌಕನೆಯ ಚಿಕ್ಕ ತೂತು, ಹತ್ತಿರದಲ್ಲಿ 'ಆಪ್ಟಿಕಲ್' ಎಂದು ಬರೆದಿದೆಯೇ?

ಬಂಗಾರಪೇಟೆ_ಪಾನಿಪುರಿ

ಮೇಷ್ಟ್ರೇ ನಡುವೆ ನಂದೊಂದು. ವೈರ್ ತಾಪತ್ರಯವೇ ಬೇಡ ಅಂತ ನಾನು ಟಿವಿಯಿಂದ ಸೌಂಡ್‌ಬಾರ್‌ಗೆ ಬ್ಲೂಟೂತ್ ಕನೆಕ್ಟ್ ಮಾಡಿದೀನಿ. 5.1 ಬಾರು, ಹಿಂದಕ್ಕೆ ಎರಡು ಬಾಕ್ಸೂ ಕೊಟ್ಟಿದಾರೆ. ಇದರಲ್ಲಿ ಬರ್ತಿರೋದು ಏನು?

ಸೋಲ್ಡರ್_ಮೇಷ್ಟ್ರು

ಎರಡು ಚಾನೆಲ್. ಟಿವಿಯಿಂದ ಬ್ಲೂಟೂತ್‌ನಲ್ಲಿ ಸಂಗೀತ ಹೋಗುವ ದಾರಿಯೇ ಸ್ಟೀರಿಯೋ ದಾರಿ. ಹಿಂದಿನ ಬಾಕ್ಸಿನಲ್ಲಿ ಏನಾದರೂ ಕೇಳುತ್ತಿದ್ದರೆ ಅದು ನಿಮ್ಮ ಬಾರ್ ತಾನೇ ಕಲ್ಪಿಸಿಕೊಂಡು ಕೊಡುತ್ತಿರುವುದು. ಎಚ್‌ಡಿಎಂಐ ಕೇಬಲ್ ಹಾಕಿ.

ಬಂಗಾರಪೇಟೆ_ಪಾನಿಪುರಿ

ಅಯ್ಯೋ ಶಿವನೇ. ಎರಡು ವರ್ಷದಿಂದ ನೆಂಟರಿಗೆಲ್ಲ ತೋರಿಸಿದೀನಿ 'ನೋಡಿ ಹಿಂದಿನಿಂದ ಹೆಂಗೆ ಬರುತ್ತೆ' ಅಂತ.

ನಂದಿಬೆಟ್ಟದ_ಮಂಜು (ಚಿಕ್ಕಬಳ್ಳಾಪುರ)

ನಾನು ಲ್ಯಾಪ್‌ಟಾಪಿಂದ ಎಚ್‌ಡಿಎಂಐ ಹಾಕಿ ಆಂಪ್ಲಿಫೈಯರ್‌ಗೇ ಕೊಟ್ಟಿದೀನಿ, ನಡುವೆ ಟಿವಿಯ ಕೈವಾಡವೇ ಇಲ್ಲ. ವಿಂಡೋಸ್‌ನಲ್ಲಿ ಸ್ಪೀಕರ್ ಟೆಸ್ಟ್ ಒತ್ತಿದ್ರೆ ಆರೂ ಕೂಗ್ತಾವೆ. ಕ್ರೋಮ್‌ನಲ್ಲಿ ಸಿನಿಮಾ ಹಾಕಿದ್ರೆ ಎರಡೇ. ಕೇಬಲ್ ಸರಿ, ಪೆಟ್ಟಿಗೆ ಸರಿ, ಇನ್ನೇನು ತೊಂದರೆ?

ಶಿಡ್ಲಘಟ್ಟದ_ಗೂಡು

ನಿಮ್ಮದು ಮೇಷ್ಟ್ರು ಹೇಳಿದ ಎರಡನೇ ತೂಬು. ವಿಂಡೋಸ್‌ನ ಕ್ರೋಮ್‌ಗೆ ಡಾಲ್ಬಿ ಬಿಡಿಸೋಕೆ ತಾನಾಗೇ ಬರಲ್ಲ. ಓಟಿಟಿ ಬಾಗಿಲಲ್ಲೇ ಕೇಳುತ್ತೆ, 'ನಿನಗೆ ಏನು ಬರುತ್ತೆ?' ಅಂತ. ಬ್ರೌಸರ್ 'ಎರಡು ಚಾನೆಲ್ ಸಾಕು ಸ್ವಾಮಿ' ಅನ್ನುತ್ತೆ, ಅವರು ಅಷ್ಟೇ ಕೊಟ್ಟು ಕಳಿಸ್ತಾರೆ. 5.1 ನಿಮ್ಮ ಲ್ಯಾಪ್‌ಟಾಪಿನ ಹತ್ತಿರಕ್ಕೇ ಬಂದಿಲ್ಲ. ಸಿನಿಮಾ ನೋಡೋಕೆ ಟಿವಿಯ ಆ್ಯಪ್ಪೋ ಸ್ಟಿಕ್ಕೋ ವಾಸಿ. ಲ್ಯಾಪ್‌ಟಾಪಲ್ಲೇ ಆಗಬೇಕು ಅಂದ್ರೆ ಬೇರೆ ಬ್ರೌಸರ್ ಪ್ರಯತ್ನಿಸಿ. ವಿಂಡೋಸ್‌ನ ಎಜ್, ಮ್ಯಾಕ್‌ನ ಸಫಾರಿಗೆ ಡಾಲ್ಬಿ ಬರುತ್ತೆ, ಆದರೆ ಆ ಓಟಿಟಿ ಅದಕ್ಕೂ ಕೊಡಬೇಕು ಅನ್ನೋದು ನೆನಪಿರಲಿ.

ಹಾಗೇ, ಯೂಟ್ಯೂಬಲ್ಲಿ '5.1 ಟೆಸ್ಟ್' ಅಂತ ಹುಡುಕಿ ಪರೀಕ್ಷೆ ಮಾಡೋರಿಗೆ ಒಂದು ಮಾತು. ಅಲ್ಲಿನ ಬಹುಪಾಲು ವಿಡಿಯೋಗಳದ್ದು ಎರಡೇ ಚಾನೆಲ್. ಹೆಸರಲ್ಲಿ 5.1 ಅಂತ ಬರೆಯೋಕೆ ದುಡ್ಡು ಬೀಳಲ್ಲ. ಇನ್ನು '8ಡಿ ಆಡಿಯೋ' ಅನ್ನೋದು ಹೆಡ್‌ಫೋನ್‌ಗೆ ಅಂತ ಸದ್ದನ್ನ ಎಡಕ್ಕೂ ಬಲಕ್ಕೂ ತಿರುಗಿಸಿರೋ ಸ್ಟೀರಿಯೋ ಅಷ್ಟೇ.

ಅಮಾನಿಕೆರೆ_ಏರಿ, ಸೋಮವಾರ ರಾತ್ರಿ

ಮೇಷ್ಟ್ರೇ, ಇದೆ! ಆಕ್ಸ್‌ಗಿಂತ ಮೂರು ಬೆರಳು ಮೇಲೆ, ಒಂದು ಕಪ್ಪು ಪ್ಲಾಸ್ಟಿಕ್ ಬಿರಡೆ. ಹದಿನೈದು ವರ್ಷದಲ್ಲಿ ಯಾರೂ ತೆಗೆದಿಲ್ಲ, ಅಪ್ಪನೂ ತೆಗೆದಿಲ್ಲ. ಉಗುರಲ್ಲಿ ಕೀಳೋಕೆ ಆಗದೆ ಅಮ್ಮನ ಹೇರ್‌ಪಿನ್ನಲ್ಲಿ ತೆಗೆದೆ. ಒಳಗಡೆ ಪುಟ್ಟ ಬಾಗಿಲು. ಟಿವಿ ಹಿಂದೆಯೂ ಅಂಥದ್ದೇ ಇದೆ.

ಎಂ.ಜಿ. ರೋಡಲ್ಲಿ ಎರಡು ಅಂಗಡಿ ತಿರುಗಿ, ಮೂರನೇದರಲ್ಲಿ 250 ರೂಪಾಯಿಗೆ ಕೇಬಲ್ ಸಿಕ್ತು. ಒಂದು ತುದಿ ಟಿವಿಗೆ ಸಿಕ್ಕಿಸಿದೆ, ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು! ಮಗಳು ಅದನ್ನ ಅಂಗೈ ಮೇಲೆ ಬಿಟ್ಕೊಂಡು ಅರ್ಧ ಗಂಟೆ ಆಟ ಆಡಿದಳು. ಸದ್ದು ಬೆಳಕಾಗಿ ಹೋಗುತ್ತೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು.

ಆದ್ರೆ ಹಿಂದಿನ ಬಾಕ್ಸು ಇನ್ನೂ ಮೂಕ.

ಸೋಲ್ಡರ್_ಮೇಷ್ಟ್ರು

ಟಿವಿ ಸೆಟ್ಟಿಂಗ್ಸಿನಲ್ಲಿ ಸೌಂಡ್ ಒಳಗೆ ಹೋಗಿ 'ಡಿಜಿಟಲ್ ಔಟ್‌ಪುಟ್' ಹುಡುಕಿ. ಪಿಸಿಎಂ ಎಂದಿರುತ್ತದೆ, ಪಂದ್ಯ ಕಟ್ಟುತ್ತೇನೆ.

ಪಿಸಿಎಂ ಎಂದರೆ ಟಿವಿ ತಾನೇ ಬಿಡಿಸಿದ ಸದ್ದು. ಒಂದು ಚಾನೆಲ್ಲಿಗೆ ಸೆಕೆಂಡಿಗೆ 48,000 ಅಳತೆ, ಒಂದೊಂದಕ್ಕೆ 16 ಬಿಟ್. ಎರಡು ಚಾನೆಲ್ಲಿಗೇ ಒಂದೂವರೆ ಎಂಬಿಪಿಎಸ್ ದಾಟುತ್ತದೆ, ಆರಕ್ಕೆ ನಾಲ್ಕೂವರೆ ದಾಟುತ್ತದೆ. ಈ ಆಪ್ಟಿಕಲ್ ದಾರಿಯನ್ನು ಮಾಡಿದ್ದೇ ಎರಡು ಚಾನೆಲ್ಲಿನ ಪಿಸಿಎಂಗೆ. 5.1 ಹೋಗಬೇಕಾದರೆ ಬಿಡಿಸದೆ, ಡಾಲ್ಬಿ ಡಿಜಿಟಲ್ ಅಥವಾ ಅದರ ಥರದ್ದೇ ಆದ ಡಿಟಿಎಸ್ ಗಂಟಾಗಿಯೇ ಹೋಗಬೇಕು. ಗಂಟು ಬಿಚ್ಚುವುದು ನಿಮ್ಮ ಪೆಟ್ಟಿಗೆಯ ಕೆಲಸ. ಅದಕ್ಕೆ ಆ ವಿದ್ಯೆ ಇದೆ, ಡಿವಿಡಿಯಲ್ಲಿ ಇರುವುದೂ ಅದೇ ಗಂಟು.

ಅಮಾನಿಕೆರೆ_ಏರಿ

ಪಂದ್ಯ ನೀವೇ ಗೆದ್ರಿ, ಪಿಸಿಎಂ ಅಂತಲೇ ಇತ್ತು. 'ಆಟೋ'ಗೆ ಹಾಕಿದೆ. ಈಗ ಐದಕ್ಕೂ ಸದ್ದಿಲ್ಲ! ಅಮ್ಮ ಕೇಳ್ತಿದಾರೆ, 'ಮೊದಲು ಎರಡಾದ್ರೂ ಮಾತಾಡ್ತಿದ್ವಲ್ಲೋ, ಯಾಕೋ ಮುಟ್ಟೋಕೆ ಹೋದೆ?'

ಚಿಂತಾಮಣಿ_ತಾತ

ತಾಯಿ ಸರಿಯಾಗಿ ಕೇಳಿದ್ದಾರೆ. ನಾನು ಎಲ್ಲವನ್ನೂ ಓದಿದೆ. ನಿಮ್ಮದೆಲ್ಲ ವ್ಯರ್ಥ ಕಷ್ಟ. ಹರಿಕಥೆ ದಾಸರು ಒಬ್ಬರೇ ನಿಂತು, ಎದುರಿಗಿದ್ದ ಸಾವಿರ ಜನಕ್ಕೆ ಯುದ್ಧ ಕೇಳಿಸುತ್ತಿದ್ದರು. ನಿಮ್ಮ ಕಡೆಯ ಗುಬ್ಬಿ ಕಂಪನಿಯವರು ಆನೆಯನ್ನೇ ರಂಗಕ್ಕೆ ತಂದರೇ ಹೊರತು ಪ್ರೇಕ್ಷಕರ ಬೆನ್ನ ಹಿಂದೆ ಬಾಕ್ಸು ಇಡಲಿಲ್ಲ. ನಾವು ನೋಡಿದ ಹಳೆಯ ಸಿನಿಮಾಗಳಿಗೆ ಇದ್ದದ್ದು ಒಂದೇ ಚಾನೆಲ್. ಕಣ್ಣೀರು ಬರಲಿಲ್ಲವೇ? ಮುಂದೆ ಎರಡು ಒಳ್ಳೆಯ ಬಾಕ್ಸು ಇದ್ದರೆ ಸಾಕು. ಈಗಿನ ಸಿನಿಮಾದಲ್ಲಿ ಸುತ್ತಲೂ ಸದ್ದು ಬರುತ್ತದೆ, ಎದುರಿಗಿರುವವನ ಮಾತೇ ಕೇಳಿಸುವುದಿಲ್ಲ. ಅದಕ್ಕೆ ಏನು ಹೇಳುತ್ತೀರಿ?

ತಟ್ಟೆಇಡ್ಲಿ_ಎರಡು

ತಾತ, ಆನೆ ಇದ್ದಿದ್ರೆ ನಮಗೂ ಬಾಕ್ಸು ಬೇಕಿರಲಿಲ್ಲ.

ಸೋಲ್ಡರ್_ಮೇಷ್ಟ್ರು

ಏರಿಯವರೇ, ಗಾಬರಿ ಬೇಡ. ಸ್ಟಿಕ್ ಕಳಿಸುತ್ತಿರುವುದು ಡಾಲ್ಬಿ ಡಿಜಿಟಲ್ *ಪ್ಲಸ್*. ಆಪ್ಟಿಕಲ್ ದಾರಿಗೆ ಆ ಪ್ಲಸ್ ಆಗದು, 2009ರ ಪೆಟ್ಟಿಗೆಗೂ ಅರ್ಥವಾಗದು. ಕೆಲವು ಟಿವಿಗಳು ತಾವೇ ಅದನ್ನು ಹಳೆಯ ಡಾಲ್ಬಿ ಡಿಜಿಟಲ್‌ಗೆ ತಿರುಗಿಸಿ ಕೊಡುತ್ತವೆ. ನಿಮ್ಮದು ಎಚ್‌ಡಿಎಂಐ ಮೂಲಕ ಬಂದದ್ದನ್ನು ತಿರುಗಿಸುತ್ತಿಲ್ಲ ಎಂದು ಕಾಣುತ್ತದೆ. ಸ್ಟಿಕ್ಕಿನ ಸೆಟ್ಟಿಂಗ್ಸಿಗೇ ಹೋಗಿ. ಆಡಿಯೋದಲ್ಲಿ ಸರೌಂಡ್ ಸೌಂಡ್ ಎಂದಿರುತ್ತದೆ. 'ಬೆಸ್ಟ್ ಅವೈಲಬಲ್' ಎಂಬ ಆಸೆ ಹುಟ್ಟಿಸುವ ಹೆಸರನ್ನು ಬಿಟ್ಟು, ಪ್ಲಸ್ ಇಲ್ಲದ ಬರೀ ಡಾಲ್ಬಿ ಡಿಜಿಟಲ್ ಆರಿಸಿ. ಸಿನಿಮಾ ನಿಲ್ಲಿಸಿ ಮತ್ತೆ ಶುರು ಮಾಡಿ, ಇಲ್ಲದಿದ್ದರೆ ಹಳೆಯ ಟ್ರ್ಯಾಕ್‌ನಲ್ಲೇ ಓಡುತ್ತಿರುತ್ತದೆ.

ಅದೂ ಆಗದಿದ್ದರೆ ಸ್ಟಿಕ್ ಬಿಟ್ಟು ಟಿವಿಯಲ್ಲೇ ಇರುವ ಆ್ಯಪ್‌ನಲ್ಲಿ ಹಾಕಿ ನೋಡಿ. ಸ್ಟಿಕ್ ಸಿಕ್ಕಿಸಿದ ಕೂಡಲೇ ಟಿವಿ ಅದಕ್ಕೆ ತನಗೆ ಯಾವ ಯಾವ ಸದ್ದು ಆಗುತ್ತದೆ ಎಂದು ಒಂದು ಪಟ್ಟಿ ಕೊಡುತ್ತದೆ. ಇಡಿಐಡಿ ಎನ್ನುತ್ತಾರೆ. ಎಷ್ಟೋ ಟಿವಿಗಳು ಆ ಪಟ್ಟಿಯಲ್ಲಿ ತಮ್ಮ ಹೊಟ್ಟೆಯ ಎರಡು ಸ್ಪೀಕರ್ ಲೆಕ್ಕವನ್ನೇ ಹೇಳುತ್ತವೆ, ಹಿಂದೆ ಹೋಮ್ ಥಿಯೇಟರ್ ಇದೆ ಎಂದು ಹೇಳುವುದೇ ಇಲ್ಲ.

ತಾತನವರೇ, ನಿಮ್ಮ ಕೊನೆಯ ಪ್ರಶ್ನೆ ನ್ಯಾಯವಾದದ್ದು. ಏರಿಯವರದ್ದು ಮುಗಿಯಲಿ, ಬರುತ್ತೇನೆ.

ಅಮಾನಿಕೆರೆ_ಏರಿ, ಮಂಗಳವಾರ ರಾತ್ರಿ 11:20

ಬಂತು ಸಾರ್, ಬಂತು!!

ಪೆಟ್ಟಿಗೆಯ ಮುಂದಿನ ಗಾಜಲ್ಲಿ ಎರಡು 'ಡಿ' ಬೆನ್ನಿಗೆ ಬೆನ್ನು ಕೊಟ್ಟಿರೋ ಗುರುತು ಹೊತ್ತಿಕೊಂಡ್ತು. ಡಿವಿಡಿ ಬಿಟ್ಟು ಬೇರೆ ಯಾವುದಕ್ಕೂ ಅದು ಹೊತ್ತಿಕೊಂಡಿದ್ದು ನಾನು ನೋಡಿರಲಿಲ್ಲ. ಇಂಗ್ಲಿಷ್ ಸಿನಿಮಾ, ಹೆಲಿಕಾಪ್ಟರ್ ಅಡುಗೆಮನೆ ಕಡೆಯಿಂದ ಬಂದು ದೇವರ ಮನೆ ಕಡೆ ಹೋಯ್ತು. ಮಾತೆಲ್ಲ ನಡುವಿನ ಬಾಕ್ಸಿಗೆ ಬಂದು ಕೂತಿದೆ, ವಾಲ್ಯೂಮ್ 32 ಇಡ್ತಿದ್ದೋನು 24ಕ್ಕೆ ಇಳಿಸಿದೆ. ಮೇಷ್ಟ್ರೇ ನಿಮ್ಮ ಕಾಲಿಗೆ ಬಿದ್ದೆ.

ಆದ್ರೆ (ಬೈಬೇಡಿ) ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಅದೇ ಸಿನಿಮಾನ ಕನ್ನಡಕ್ಕೆ ತಿರುಗಿಸಿದೆ. ಆ ಗುರುತು ಆರಿಹೋಯ್ತು. ಹೆಲಿಕಾಪ್ಟರ್ ಟಿವಿ ಒಳಗೇ ಉಳೀತು. ಮತ್ತೆ ಇಂಗ್ಲಿಷ್, ಮತ್ತೆ ಗುರುತು. ನಾಲ್ಕು ಸಲ ಮಾಡಿದೆ. ಕನ್ನಡ ಅಂದ್ರೆ ಹಿಂದಿನ ಬಾಕ್ಸಿಗೆ ಅಲರ್ಜಿನಾ?

ಗುಬ್ಬಿಯ_ಗಂಟಲು

ಇಷ್ಟು ಹೊತ್ತು ಓದ್ತಾ ಕೂತಿದ್ದೆ, ಈಗ ನನ್ನ ಕೆಲಸದ ವಿಷಯ ಬಂತು. ಹುಟ್ಟೂರು ಗುಬ್ಬಿ, ಬೆಂಗಳೂರಲ್ಲಿ ಡಬ್ಬಿಂಗ್ ಧ್ವನಿ ಕೊಡ್ತೀನಿ. ನಿಮ್ಮನೆಯ ಯಾವ ಸಾಮಾನಿಗೂ ತೊಂದರೆ ಇಲ್ಲ ಏರಿ ಅವರೇ. ಆ ಕನ್ನಡ ಟ್ರ್ಯಾಕೇ ಎರಡು ಚಾನೆಲ್‌ನದು.

ಒಂದು ಸಿನಿಮಾ ಡಬ್ ಮಾಡ್ಬೇಕು ಅಂದ್ರೆ ಸ್ಟುಡಿಯೋಗೆ ಮಾತು ತೆಗೆದ, ಬರೀ ಸಂಗೀತ ಮತ್ತು ಸದ್ದುಗಳಿರೋ ಟ್ರ್ಯಾಕ್ ಬೇಕು. ನಾವು 'ಎಂ ಅಂಡ್ ಇ' ಅಂತೀವಿ. ಮಳೆ, ಹೆಜ್ಜೆ, ಹೆಲಿಕಾಪ್ಟರ್ ಎಲ್ಲಾ ಅದರಲ್ಲೇ ಇರುತ್ತೆ. ಅದು 5.1ರಲ್ಲಿ ಬಂದು, ನಮ್ಮ ಮಾತನ್ನೂ ಅದರೊಳಗೆ ಕೂರಿಸಿ 5.1ರಲ್ಲೇ ಮಿಕ್ಸ್ ಮಾಡಿದ್ರೆ ಕನ್ನಡದಲ್ಲೂ ಹೆಲಿಕಾಪ್ಟರ್ ನಿಮ್ಮ ದೇವರ ಮನೆಗೆ ಬರುತ್ತೆ. ಆದರೆ ಸರೌಂಡ್ ಮಿಕ್ಸ್‌ಗೆ ಬೇರೆ ಥರದ ರೂಮು, ಹೆಚ್ಚು ದಿನ, ಹೆಚ್ಚು ದುಡ್ಡು. ಎಷ್ಟೋ ಕೆಲಸಗಳು ಮೊದಲು ಟಿವಿ ಚಾನೆಲ್‌ಗೆ ಅಂತ ಸ್ಟೀರಿಯೋದಲ್ಲಿ ಆಗಿರುತ್ತವೆ, ಆಮೇಲೆ ಅದೇ ಟ್ರ್ಯಾಕ್ ಓಟಿಟಿಗೂ ಹೋಗುತ್ತೆ. ನಾನು ಬೂತಲ್ಲಿ ನಿಂತು ಮಾತಾಡುವಾಗ ಇದು ಎರಡಕ್ಕೋ ಆರಕ್ಕೋ ನಂಗೆ ಗೊತ್ತೂ ಆಗಲ್ಲ. ನನ್ನ ಮೈಕ್ ಯಾವತ್ತಿದ್ರೂ ಒಂದೇ ಚಾನೆಲ್.

ನಮ್ಮ ಭಾಷೆಗೆ ಇನ್ನೊಂದು ಹಿನ್ನೆಲೆನೂ ಇದೆ. ಅರವತ್ತರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ನಿಧಾನಕ್ಕೆ ಬಾಗಿಲು ತೆರೀತು. ತಡೆ ಇದ್ದಿದ್ದು ಸರಿಯೋ ತಪ್ಪೋ ಅಂತ ಇಲ್ಲಿ ಶುರು ಮಾಡಿದ್ರೆ ಏರಿ ಅವರ ಬಾಕ್ಸು ಮರೆತೇ ಹೋಗುತ್ತೆ, ಬಿಡಿ. ನಾನು ಹೇಳೋದಿಷ್ಟೇ. ತಮಿಳು ತೆಲುಗಿನವರು ದಶಕಗಳಿಂದ ಮಾಡ್ತಿದ್ದ ಕೆಲಸಕ್ಕೆ ನಾವು ಕೈ ಹಾಕಿದ್ದು ಮೊನ್ನೆ ಮೊನ್ನೆ. ಜನ 5.1 ಕನ್ನಡ ಬೇಕು ಅಂತ ಕೇಳಿದ್ದನ್ನ ನಾನಂತೂ ಇವತ್ತೇ ಮೊದಲು ನೋಡಿದ್ದು.

ಕೆಲವು ಆ್ಯಪ್‌ಗಳಲ್ಲಿ ಭಾಷೆ ಆರಿಸೋ ಜಾಗದಲ್ಲೇ ಹೆಸರಿನ ಪಕ್ಕ 5.1 ಅಂತ ಇರುತ್ತೆ. ಇಂಗ್ಲಿಷ್ ಪಕ್ಕ ಇದ್ದು ಕನ್ನಡದ ಪಕ್ಕ ಇಲ್ಲ ಅಂದ್ರೆ ಅಲ್ಲಿಗೆ ಮುಗೀತು. ಸಿನಿಮಾ ಹೆಸರಿನ ಕೆಳಗಿರೋ 5.1 ನಂಬಬೇಡಿ, ಅದು ಯಾವ ಭಾಷೆಯ ಲೆಕ್ಕ ಅಂತ ಹೇಳಲ್ಲ. ಕನ್ನಡದಲ್ಲೇ ತೆಗೆದ ಈಚಿನ ಸಿನಿಮಾ ಹಾಕಿ ನೋಡಿ. ಥಿಯೇಟರ್‌ಗೆ ಅಂತಲೇ 5.1ರಲ್ಲಿ ಮಿಕ್ಸ್ ಆಗಿರುತ್ತೆ, ಓಟಿಟಿಗೆ ಅದೇ ಹೋಗಿದ್ರೆ ಗುರುತು ಹೊತ್ತಿಕೊಳ್ಳುತ್ತೆ.

ಕೋಲಾರದ_ಟೊಮೇಟೊ

ನಮ್ಮ ಊರಲ್ಲಿ ಅದಕ್ಕೇ ಎಲ್ರೂ ತೆಲುಗಲ್ಲಿ ನೋಡ್ತಾರೆ 😄

ಗುಬ್ಬಿಯ_ಗಂಟಲು

ಸರೌಂಡ್ ಬರಲಿ ಬಿಡಲಿ, ನಿಮ್ಮೂರೋರು ತೆಲುಗಲ್ಲೇ ನೋಡೋದು. ನಂಗೆ ಗೊತ್ತಿಲ್ವಾ?

ಸೋಲ್ಡರ್_ಮೇಷ್ಟ್ರು, ಬುಧವಾರ ಬೆಳಗ್ಗೆ 6:05

ಗಂಟಲಕ್ಕ ಹೇಳಿದ್ದು ನನಗೂ ಹೊಸದು. ಮೂವತ್ತು ವರ್ಷ ಪೆಟ್ಟಿಗೆ ಬಿಚ್ಚಿದವನು ನಾನು. ಮೊದಲ ತೂಬೇ ಮುಚ್ಚಿರುತ್ತದೆ ಎಂದು ತೋಚಿರಲಿಲ್ಲ.

ತಾತನವರೇ, ನಿಮ್ಮ ಪ್ರಶ್ನೆಗೆ ಬಂದೆ. 5.1 ಸಿನಿಮಾದಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ಚಾನೆಲ್ಲಿನಲ್ಲಿರುತ್ತದೆ. ಟಿವಿಯ ಎರಡೇ ಸ್ಪೀಕರಿನಲ್ಲಿ ಕೇಳುವಾಗ ಆ ನಡುವಿನದನ್ನು ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎಡಕ್ಕೂ ಬಲಕ್ಕೂ ಹಂಚುತ್ತಾರೆ. ಅಲ್ಲಿ ಮೊದಲೇ ಸಂಗೀತ, ಗದ್ದಲ ಇರುತ್ತದೆ, ಹಿಂದಿನ ಚಾನೆಲ್ಲುಗಳ ಸದ್ದೂ ಬಂದು ಸೇರುತ್ತದೆ. ಸಂತೆಯಲ್ಲಿ ನಿಂತು ಮಾತಾಡಿದ ಹಾಗಾಯಿತು. ಅದರ ಮೇಲೆ, ಸಿನಿಮಾ ಮಿಕ್ಸ್ ಮಾಡುವುದು ನಿಶ್ಶಬ್ದವಾದ ಥಿಯೇಟರಿಗಾಗಿ. ಪಿಸುಮಾತಿಗೂ ಸ್ಫೋಟಕ್ಕೂ ನಡುವೆ ದೊಡ್ಡ ಅಂತರ ಇಟ್ಟಿರುತ್ತಾರೆ. ನಮ್ಮ ಹಾಲಿನಲ್ಲಿ ಫ್ಯಾನು ತಿರುಗುತ್ತದೆ, ಕುಕ್ಕರ್ ಕೂಗುತ್ತದೆ. ಪಿಸುಮಾತಿಗೆಂದು ವಾಲ್ಯೂಮ್ ಏರಿಸುತ್ತೀರಿ, ಮುಂದಿನ ಸೀನಿನಲ್ಲಿ ಫೈಟ್ ಬಂದು ಪಕ್ಕದ ಮನೆ ಮಗು ಎದ್ದು ಅಳುತ್ತದೆ. ಟಿವಿಯಲ್ಲಿ 'ನೈಟ್ ಮೋಡ್' ಅಥವಾ 'ಕ್ಲಿಯರ್ ವಾಯ್ಸ್' ಎಂಬಂಥದ್ದು ಇದ್ದರೆ ಹಾಕಿ, ಜೋರಿನದ್ದು ತಗ್ಗಿ ಮೆಲ್ಲನೆಯದ್ದು ಏಳುತ್ತದೆ. ನಡುವೆ ಒಂದು ಬಾಕ್ಸು ಇದ್ದರೆ ಇನ್ನೂ ಒಳ್ಳೆಯದು, ಅದೊಂದನ್ನೇ ಏರಿಸಬಹುದು. ಏರಿಯವರು 32ರಿಂದ 24ಕ್ಕೆ ಇಳಿಸಿದ್ದು ಈ ಕಾರಣಕ್ಕೆ. ನನ್ನನ್ನು ಕೇಳಿದರೆ 5.1ರಲ್ಲಿ ಅತಿ ಮುಖ್ಯವಾದದ್ದು ಹಿಂದಿನ ಎರಡಲ್ಲ, ನಡುವಿನ ಒಂದು. ಹೆಲಿಕಾಪ್ಟರ್ ಬರುವುದು ಯಾವಾಗಲೋ ಒಮ್ಮೆ, ಮಾತು ಇಡೀ ಸಿನಿಮಾ ಇರುತ್ತದೆ.

ಚಿಂತಾಮಣಿ_ತಾತ

ಇದನ್ನು ಒಪ್ಪುತ್ತೇನೆ. ಮೂರು ಬಾಕ್ಸು ಸಾಕು ಎಂದಾಯಿತು.

ಬಂಗಾರಪೇಟೆ_ಪಾನಿಪುರಿ

ಎಚ್‌ಡಿಎಂಐ ಹಾಕ್ದೆ ಮೇಷ್ಟ್ರೇ. ಟಿವಿಯ ಮೂರು ತೂತಲ್ಲಿ ಯಾವುದಕ್ಕೆ ಹಾಕಿದ್ರೂ ಆಗುತ್ತೆ ಅಂದ್ಕೊಂಡಿದ್ದೆ. ಒಂದು ಗಂಟೆ ಸದ್ದೇ ಇಲ್ಲ. ಆಮೇಲೆ ನೋಡಿದ್ರೆ ಒಂದರ ಪಕ್ಕ ಮಾತ್ರ 'ಆರ್ಕ್' (ಟಿವಿಯ ಸದ್ದು ಬಾರ್‌ಗೆ ವಾಪಸ್ ಹೋಗೋ ದಾರಿ) ಅಂತಿದೆ, ಅದಕ್ಕೆ ಹಾಕಿದ್ಮೇಲೆ ಬಂತು. ನನ್ನ ಬಾರ್ ಮೇಲೆ ಅಟ್ಮಾಸ್ ಅಂತಾನೂ ಇದೆ. ಅದಕ್ಕೆ ಆರ್ಕ್‌ನ ಹೊಸ ರೂಪ ಇ-ಆರ್ಕ್ ಇರೋ ಟಿವಿನೇ ಬೇಕು ಅಂತ ಅಂಗಡಿಲಿ ಹೇಳ್ತಾರೆ. ಹೌದಾ? ಟಿವಿನೂ ಬದಲಾಯಿಸ್ಬೇಕಾ?

ಶಿಡ್ಲಘಟ್ಟದ_ಗೂಡು

ಬೇಡ, ದುಡ್ಡು ಉಳಿಸ್ಕೊಳ್ಳಿ. ಓಟಿಟಿಯ ಅಟ್ಮಾಸ್ ಬರೋದು ಡಾಲ್ಬಿ ಡಿಜಿಟಲ್ ಪ್ಲಸ್ ಗಂಟಿನೊಳಗೇ ಅಡಗಿಕೊಂಡು. ಟಿವಿಯ ಬರೀ ಆರ್ಕ್ ಪ್ಲಸ್ ದಾಟಿಸೋ ಥರದ್ದಾಗಿದ್ರೆ ಅಷ್ಟು ಸಾಕು. ಆರ್ಕ್ ಬಂದಿದ್ದು 2009ರ ಎಚ್‌ಡಿಎಂಐ 1.4 ಜೊತೆ. ಇ-ಆರ್ಕ್ 2017ರ 2.1 ಜೊತೆ. ಇ-ಆರ್ಕ್ ನಿಜವಾಗಿ ಬೇಕಾಗೋದು ಬ್ಲೂರೇ ಡಿಸ್ಕ್‌ನ ಟ್ರೂಎಚ್‌ಡಿ ಥರದ, ಏನೂ ಕಳೆಯದ ಸದ್ದನ್ನ ಟಿವಿ ಮೂಲಕ ದಾಟಿಸೋಕೆ. ಟ್ರೂಎಚ್‌ಡಿ 18 ಎಂಬಿಪಿಎಸ್‌ವರೆಗೂ ಹೋಗಬಹುದು, ನೆಟ್‌ಫ್ಲಿಕ್ಸ್ ಅಟ್ಮಾಸ್ ಹೆಚ್ಚಂದ್ರೆ 768 ಕೆಬಿಪಿಎಸ್. ಮೇಲಿನ ಹೆಸರು ಒಂದೇ, ಒಳಗಿನ ಸರಕು ಬೇರೆ. ರೇಷ್ಮೆ ಊರಿನೋನು ಹೇಳ್ತಿದೀನಿ, ಮಿರಮಿರ ಮಿಂಚೋದೆಲ್ಲ ಶುದ್ಧ ರೇಷ್ಮೆ ಅಲ್ಲ.

ಇನ್ನೊಂದು. ನೆಟ್‌ಫ್ಲಿಕ್ಸಲ್ಲಿ ಅಟ್ಮಾಸ್ ಬೇಕಂದ್ರೆ ಅಲ್ಟ್ರಾ ಎಚ್‌ಡಿ ಇರೋ ಪ್ಲಾನೇ ಆಗ್ಬೇಕು, ಕ್ವಾಲಿಟಿ ಸೆಟ್ಟಿಂಗ್ ಹೈ ಅಥವಾ ಆಟೋದಲ್ಲಿರಬೇಕು. ಅದು ಮೊದಲು ನೋಡಿ.

ಅಮಾನಿಕೆರೆ_ಏರಿ

ಮೇಷ್ಟ್ರೇ, ಅಮ್ಮನ ಕನ್ನಡ ಡಬ್ಬಿಂಗ್ ಸಿನಿಮಾಗಳಿಗೆ ಏನೂ ಮಾಡೋಕಾಗಲ್ವಾ?

ಸೋಲ್ಡರ್_ಮೇಷ್ಟ್ರು

ಅಪ್ಪಟ 5.1 ಆಗದು, ಇಲ್ಲದ್ದನ್ನು ಎಲ್ಲಿಂದ ತರುವುದು? ಆದರೆ ರಿಮೋಟಿನಲ್ಲಿ 'ಪ್ರೊ ಲಾಜಿಕ್ 2' ಅಥವಾ 'ಪಿಎಲ್ 2' ಎಂಬ ಗುಂಡಿ ಇದೆಯೇ ನೋಡಿ. ಆ ಕಾಲದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಎಡಬಲ ಎರಡರಲ್ಲೂ ಒಂದೇ ಸಮ ಇರುವ ಸದ್ದನ್ನು ಹೆಕ್ಕಿ ನಡುವಿನ ಬಾಕ್ಸಿಗೆ ಕೊಡುತ್ತದೆ. ಮಾತು ಹೆಚ್ಚಾಗಿ ಹಾಗೆಯೇ ಇರುವುದರಿಂದ ಅಲ್ಲಿಗೆ ಹೋಗುತ್ತದೆ. ಒಂದಕ್ಕೊಂದು ತಿರುಗುಮುರುಗಾಗಿರುವುದನ್ನು ಹಿಂದಕ್ಕೆ ತಳ್ಳುತ್ತದೆ. ಊಹೆಯೇ, ಆದರೆ ಬುದ್ಧಿವಂತ ಊಹೆ. ಹಾಡಿಗೆ ನನಗೆ ಹಿಡಿಸುವುದಿಲ್ಲ, ಸಿನಿಮಾಗೆ ಪರವಾಗಿಲ್ಲ.

ನಿಜ ಹೇಳಬೇಕೆಂದರೆ, ಕೆಂಪು ಬಿಳಿ ವೈರಿನಲ್ಲೂ ಆ ಗುಂಡಿ ಒತ್ತಿದ್ದರೆ ಹಿಂದಿನ ಬಾಕ್ಸು ಮಾತಾಡುತ್ತಿದ್ದವು. ಮೊದಲ ದಿನವೇ ಹೇಳಿದ್ದರೆ ನೀವು ಅಲ್ಲಿಗೇ ನಿಂತು, ಆ ಬಿರಡೆ ಇನ್ನೂ ಹದಿನೈದು ವರ್ಷ ಹಾಗೇ ಇರುತ್ತಿತ್ತು.

ಹಾಗೇ ಹಿಂದಿನ ಬಾಕ್ಸುಗಳನ್ನು ಎಲ್ಲಿಟ್ಟಿದ್ದೀರಿ?

ಅಮಾನಿಕೆರೆ_ಏರಿ

ಎರಡೂ ಬಲಗಡೆ ಶೋಕೇಸ್ ಮೇಲೆ, ಪಕ್ಕ ಪಕ್ಕ. ಎಡಗಡೆ ಅಡುಗೆಮನೆ ಬಾಗಿಲು, ವೈರ್ ಎಳೆದ್ರೆ ಅಮ್ಮ ಎಡವ್ತಾರೆ.

ತಟ್ಟೆಇಡ್ಲಿ_ಎರಡು

ಹಂಗಾದ್ರೆ ಹೆಲಿಕಾಪ್ಟರ್ ಅಡುಗೆಮನೆಯಿಂದ ಬಂದಿದ್ದು ಹೆಂಗೆ ಸಾರ್??

ಅಮಾನಿಕೆರೆ_ಏರಿ

ಹೂಂ... ಖುಷಿಗೆ ಬಂದಿರಬೇಕು ಬಿಡಿ.

ಸೋಲ್ಡರ್_ಮೇಷ್ಟ್ರು

ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಟಿವಿಗೆ ನೇರ ಮುಖ ಮಾಡಿ ಕೂತಾಗ ಮುಂದಿನವು ಎರಡೂ ಕಡೆ 30 ಡಿಗ್ರಿಯಲ್ಲಿ, ಹಿಂದಿನವು 110 ಡಿಗ್ರಿಯ ಆಸುಪಾಸು, ಅಂದರೆ ಕಿವಿಯ ನೇರದಿಂದ ಸ್ವಲ್ಪವೇ ಹಿಂದೆ. ಬೆನ್ನ ಹಿಂದಿನ ಗೋಡೆಗೆ ಅಂಟಿಸಬೇಕಾಗಿಲ್ಲ. ವೈರನ್ನು ಬಾಗಿಲ ಚೌಕಟ್ಟಿನ ಮೇಲೆ ಕ್ಲಿಪ್ ಹೊಡೆದು ತಿರುಗಿಸಿ ತನ್ನಿ.

ಅಮಾನಿಕೆರೆ_ಏರಿ, ಭಾನುವಾರ ಸಂಜೆ

ವರದಿ ಒಪ್ಪಿಸ್ತಿದೀನಿ. ನಿನ್ನೆ ಬೆಳಗ್ಗೆ ಏಣಿ ಹಾಕಿ ಎಡಗಡೆ ಬಾಕ್ಸು ಬಾಗಿಲ ಮೇಲಿಂದ ದಾಟಿಸಿದೆ. ವೈರ್ ಬಿಚ್ಚಿದಾಗ ಒಂದು ಕಡೆ ಇಲಿ ಹಲ್ಲು ಹಾಕಿತ್ತು, ತಾಮ್ರ ಕಾಣ್ತಿತ್ತು. ಅಷ್ಟು ಕತ್ತರಿಸಿ ಹೊಸದಾಗಿ ಜೋಡಿಸಿ ಟೇಪ್ ಸುತ್ತಿದೆ. ವೈರ್ ತುದೀಲಿ ಅಪ್ಪ 'ಎಡ ಹಿಂದೆ' ಅಂತ ಬಾಲ್‌ಪೆನ್ನಲ್ಲಿ ಬರೆದು ಅಂಟಿಸಿದ ಚೀಟಿ ಇತ್ತು. ಅದನ್ನ ಹಾಗೇ ಬಿಟ್ಟೆ.

ಡಬ್ಬಿಂಗ್ ಸಿನಿಮಾಗೆ ಪಿಎಲ್ 2, ಪರವಾಗಿಲ್ಲ, ಅಮ್ಮನಿಗೆ ಮಾತು ಕೇಳುತ್ತೆ. ಇವತ್ತು ಮಧ್ಯಾಹ್ನ ಗಂಟಲಕ್ಕ ಹೇಳಿದ ಹಾಗೆ ಈಚಿನದೊಂದು ಕನ್ನಡದ್ದೇ ಸಿನಿಮಾ ಹಾಕಿದೆ. ಗುರುತು ಹೊತ್ತಿಕೊಂಡ್ತು. ಮಲೆನಾಡಿನ ಸೀನು, ನಿಧಾನಕ್ಕೆ ಹಿಂದಿನಿಂದ ಮಳೆ ಶುರುವಾಯ್ತು. ನಾನು ಅಮ್ಮನ ಮುಖ ನೋಡೋಣ ಅಂತ ತಿರುಗಿದ್ರೆ ಸೋಫಾ ಖಾಲಿ. 'ಸಂಡಿಗೆ!' ಅಂತ ಕೂಗಿಕೊಂಡು ಆಗ್ಲೇ ಮಹಡಿ ಮೆಟ್ಟಿಲು ಅರ್ಧ ಹತ್ತಿದ್ರು.

ಗುಬ್ಬಿಯ_ಗಂಟಲು

ಆ ಮಿಕ್ಸ್ ಮಾಡಿದೋರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗಲ್ಲ.

ಚಿಂತಾಮಣಿ_ತಾತ

ಸಂಡಿಗೆ ಒಣಗಿತ್ತೋ ಇಲ್ಲವೋ?

ಅಮಾನಿಕೆರೆ_ಏರಿ

ಒಣಗಿತ್ತು ತಾತ, ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಕೆಳಗೆ ಬಂದೋರೆ 'ಇನ್ಮೇಲೆ ಮಳೆ ಬರೋದಿದ್ರೆ ಮೊದಲೇ ಹೇಳು' ಅಂದ್ರು.

ನಂದಿಬೆಟ್ಟದ_ಮಂಜು

ತಡವಾಗಿ ಕೇಳ್ತಿದೀನಿ. ನಾನೂ ಲ್ಯಾಪ್‌ಟಾಪ್ ಬಿಟ್ಟು ಟಿವಿ ಆ್ಯಪ್ಪಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಎಳೀಬೇಕು ಅಂತಿದೀನಿ. ಕಿಟಕಿ ಸುತ್ತಿ ಬಂದ್ರೆ ಎಂಟು ಮೀಟರ್ ಆಗುತ್ತೆ. ಆಗುತ್ತಾ?

ಸೋಲ್ಡರ್_ಮೇಷ್ಟ್ರು

5 ಮೀಟರ್ ಒಳಗಾದರೆ ಧೈರ್ಯವಾಗಿ ಎಳೆಯಿರಿ. ಎಂಟಕ್ಕೆ ಕೇಬಲ್ ಚೆನ್ನಾಗಿರಬೇಕು, ಅಗ್ಗದ್ದಾದರೆ ಸದ್ದು ಬಿಟ್ಟು ಬಿಟ್ಟು ಬರಬಹುದು. ಮೂಲೆಗಳಲ್ಲಿ ಚೂಪಾಗಿ ಮಡಚಬೇಡಿ, ಒಳಗಿನ ಎಳೆ ಮುರಿದರೆ ಬೆಸುಗೆ ಹಾಕಿ ಕೊಡಲು ನನ್ನಿಂದಲೂ ಆಗದು. ಅದಕ್ಕಿಂತ ಆಂಪ್ಲಿಫೈಯರನ್ನೇ ಟಿವಿ ಪಕ್ಕಕ್ಕೆ ತಂದು ಸ್ಪೀಕರ್ ವೈರ್ ಉದ್ದ ಮಾಡಿ. ಆ ವೈರ್ ಎಷ್ಟು ಬೇಕಾದರೂ ಸಿಗುತ್ತದೆ.